ಸಿಂಪಲ್ ಊಟ, ಹೊತ್ತು ಮುಳುಗುವುದರೊಳಗೆ

ಅಕ್ಟೋಬರ್ 9, ಗುರುವಾರ. ಬೆಳಿಗ್ಗೆ 8

ಎಡಗಣ್ಣಿಗೆ ಎರಡು ಹನಿ. ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿಯಿಂದ ಒಂದು ಹನಿ. ಆಪರೇಷನ್ ಆಗಿ ಮೂರನೇ ದಿನ. ಅಜ್ಜಿ ಕರಿ ಕನ್ನಡಕ ಏರಿಸಿಕೊಂಡು ಮಂಚದ ಮೇಲೆ ಕೂತಿದ್ದಾಳೆ, ಪರೇಡ್ ನೋಡಲು ಬಂದ ಸೇನಾಪತಿಯ ಹಾಗೆ.

"ಅಲ್ಲಾಡಬ್ಯಾಡ್ರಿ ಅಜ್ಜಿ."

"ನಾ ಎಲ್ಲೆ ಅಲ್ಲಾಡತೀನಿ? ನಿನ್ನ ಕೈ ನಡಗಾಕ ಹತ್ತೈತಿ. ಮತ್ತ ಏನ ಕಿತಾಪತಿ ಮಾಡಿ ಬಂದಿ?"

ಏನೂ ಇಲ್ಲ. ನಿನ್ನೆ ಬಸದಿಯ ಬಾಗಿಲಲ್ಲಿ ಪಪ್ಪಾನ ಎಡ ಚಪ್ಪಲಿಗೂ ಟ್ರಸ್ಟಿಯವರ ಬಲ ಚಪ್ಪಲಿಗೂ ದಾರ ಕಟ್ಟಿ ವಿಧಿವತ್ತಾಗಿ ಲಗ್ನ ಮಾಡಿಸಿದೆ. ಅಷ್ಟೇ. ವಧೂವರರು ಎರಡು ಹೆಜ್ಜೆ ಜೊತೆಯಾಗಿ ನಡೆದು ಬಿದ್ದರು.

ಈ ಮನೆಯ ಸರಕಾರದಲ್ಲಿ ಸದ್ಯ ನಾನು ನೇತ್ರಖಾತೆಯ ರಾಜ್ಯಮಂತ್ರಿ. ಬಿಕಾಂ ಎರಡನೇ ವರ್ಷ, ಹಾಜರಿ ಕಡಿಮೆ, ಖಾತೆ ಗಂಭೀರ.

ಈ ದಿನಚರಿ ವಹಿಯ ಬಗ್ಗೆ ಒಂದು ರಾಜರಹಸ್ಯ ದಾಖಲಾಗಲಿ. ಮಿರಜಿನ ಈ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲೂ ಇದೆ, ಓದಲು ಯಾರಿಗೂ ಬರುವುದಿಲ್ಲ. ಪಪ್ಪಾ, ಅಮ್ಮ ಅಂದರೆ ನಮ್ಮ ಆಯಿ, ಅಣ್ಣ ಕೇತನ ದಾದಾ — ಎಲ್ಲರೂ ಮರಾಠಿ ಸಾಲಿಯಲ್ಲಿ ಕಲಿತವರು. ನನಗೆ ಅಕ್ಷರ ಕಲಿಸಿದವಳು ಅಜ್ಜಿ. ಅಥಣಿ ಕಡೆಯವಳು, ಲಗ್ನದ ಹೊಸದರಲ್ಲಿ ಎಂಟು ತಿಂಗಳು ಕನ್ನಡ ಸಾಲಿಯ ಅಕ್ಕೋರು, ಅಂದರೆ ಟೀಚರು. ಕಣ್ಣಿಗೆ ಪೊರೆ ಕಟ್ಟತೊಡಗಿದಾಗ ಸ್ತೋತ್ರದ ಪುಸ್ತಕ ಓದಿ ಹೇಳಲು ಒಬ್ಬರು ಬೇಕಾದರು, ನನ್ನನ್ನು ಹಿಡಿದು ಅಕ್ಷರ ತಿದ್ದಿಸಿದಳು. ಐದು ವರ್ಷದಿಂದ ಅವಳೂ ಒಂದಕ್ಷರ ಓದಿಲ್ಲ. ಆದ್ದರಿಂದ ಈ ವಹಿಗೆ ಬೀಗ ಬೇಡ.

ಅಕ್ಟೋಬರ್ 12, ಭಾನುವಾರ

ಇಂದು ದರ್ಬಾರು ನಡೆಯಿತು. ಅರ್ಜಿದಾರಳು: ಸ್ವಪ್ನಾಲಿ ವಹಿನಿ, ದಾದಾನ ಹೆಂಡತಿ. ತವರು ಮಾಲಗಾಂವ. ಲಗ್ನವಾಗಿ ಹದಿನಾಲ್ಕು ತಿಂಗಳು. ಕಲಿತದ್ದು ರಕ್ತ ತಪಾಸಣೆ. ಅಜ್ಜಿಯ ಶುಗರ್ ನೋಡುವುದು ಅವರೇ — ಸೂಜಿ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಸ್ಟೇಷನ್ ರೋಡಿನ ಒಂದು ಲ್ಯಾಬಿನವರು ನವೆಂಬರ್ ಮೂರರಿಂದ ಕೆಲಸಕ್ಕೆ ಬಾ ಅಂದಿದ್ದಾರಂತೆ. ಬೆಳಿಗ್ಗೆ ಪೋಹೆ, ಅಂದರೆ ಅವಲಕ್ಕಿ, ತಿನ್ನುವಾಗ ಹೇಳಿದರು. ಧ್ವನಿ ಸ್ವಲ್ಪ ಒಡೆದಿತ್ತು. ಬಹಳ ಸಲ ತಾಲೀಮು ಮಾಡಿದ್ದಿರಬೇಕು.

ದಾದಾ ಪೋಹೆಯಲ್ಲಿ ಶೇಂಗಾ ಹುಡುಕತೊಡಗಿದ. ಪಪ್ಪಾ — ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ಹರಾಜಿನಲ್ಲಿ ಇಡೀ ಅಂಗಳ ನಡುಗುವಂತೆ ಕೂಗುವ ಜಿನಪ್ಪ ಶೇಟ್ — ಅಜ್ಜಿಯ ಮುಖ ನೋಡಿದರು.

ಅಜ್ಜಿ ಚಹದ ಬಸಿ ಕೆಳಗಿಟ್ಟಳು.

"ಹೋಗಲಿ. ಬ್ಯಾಡ ಅನ್ನಾಕ ನಾ ಯಾರು? ಒಂದ ಮಾತ ಅಷ್ಟ. ದೀಪಾವಳ್ಯಾಗ ಭಾವುಬೀಜ ದಿನಾ ಅಣ್ಣಗ ಆರತಿ ಮಾಡಾಕ ನಮ್ಮ ಮಗಳ ಬರತಾಳ, ಮಂದಿ ಉಣತಾರ. ಈ ಸಲ ಅಡಗಿ ಸ್ವಪ್ನಾಲಿ ಒಬ್ಬಾಕೀನ ಮಾಡಲಿ. ಗದ್ದಲಿಲ್ಲದ, ಓಡ್ಯಾಟಿಲ್ಲದ. ಹೊತ್ತ ಮುಣಗೂದರಾಗ ಎಲ್ಲಾರೂ ಉಂಡ ಎದ್ದಿರಬೇಕು. ಮನಿ ನೌಕರಿ ಎರಡೂ ನಡಸ್ತೀನಿ ಅನ್ನಾಕಿಗೆ ಇಷ್ಟ ಬರಬೇಕಲ್ಲ? ಆತಂದ್ರ ಮೂರನೇ ತಾರೀಖ ನಾನ ಆಕಿ ಕೈಯಾಗ ಊಟದ ಡಬ್ಬಿ ಕೊಡತೀನಿ."

"ಆಗಲಿಲ್ಲಂದ್ರ?" ಕೇಳಿದ್ದು ನಾನು. ಸಭೆಯ ದಾಖಲೆಗಾಗಿ.

"ಆಗಲಿಲ್ಲಂದ್ರ ಆಗಲಿಲ್ಲ."

ನಮ್ಮ ಜೈನರಿಗೆ ಬಿಡಿಸಿ ಹೇಳಬೇಕಿಲ್ಲ, ನನ್ನ ಗಂಭೀರ ದಾಖಲೆಗೆ ಮಾತ್ರ: ಅಜ್ಜಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಮುನಿ ಮಹಾರಾಜರ ಮುಂದೆ ನಿಯಮ ಹಿಡಿದು ನಲವತ್ತೊಂದು ವರ್ಷ. ಪಪ್ಪಾನ ಲಗ್ನದ ದಿನ ವರಾತದ ಮೆರವಣಿಗೆ ತಡವಾಗಿ ಉಪವಾಸ ಮಲಗಿದಳು. ಅಜ್ಜ ತೀರಿದ ದಿನವೂ. ನಮ್ಮ ಊಟದ ಕೋಣೆಗೆ ಕಿಟಕಿ ಇಲ್ಲ, ಹಿಂದಿನ ಐದು ಮಜಲಿನ ಬಿಲ್ಡಿಂಗ್ ಅಂಗಳದ ಬಿಸಿಲನ್ನೂ ನುಂಗಿದೆ. ಅದಕ್ಕೇ ಅವಳ ಸೂರ್ಯ ಎರಡು ಕಡೆ ಇರುತ್ತಾನೆ. ಒಂದು ಗೋಡೆ ಗಡಿಯಾರ. ಇನ್ನೊಂದು ಗಲ್ಲಿಯಾಚೆ ಮಸೀದಿಯ ಸಂಜೆಯ ಬಾಂಗ್, ನಮಾಜಿನ ಕೂಗು. ಬಾಂಗ್ ಕೇಳಿತೆಂದರೆ ಕೈ ತೊಳೆದು ಆಗಿರಬೇಕು.

ವಹಿನಿ ಆಗಲಿ ಅಂದರು. ಕಣ್ಣು ತುಂಬಿತ್ತು. ಖುಷಿಯಿಂದ.

ಅಕ್ಟೋಬರ್ 15, ಬುಧವಾರ

ವಹಿನಿ ಫ್ರಿಜ್ಜಿನ ಮೇಲೆ ಕಾಗದ ಅಂಟಿಸಿದ್ದಾರೆ. ಮರಾಠಿಯಲ್ಲಿ, ದುಂಡಗೆ. ಹೋಳಿಗೆ ಇಲ್ಲ. ಐದು ಪಲ್ಯ ಇಲ್ಲ. ಮಸಾಲೆ ಭಾತ್ ಒಂದೇ ಪಾತೇಲಿ. ಕಢಿ. ಪುರಿ. ಶ್ರೀಖಂಡ ಅಂಗಡಿಯದು. ಐದಕ್ಕೆ ಕೂರುವುದು, ಐದೂ ಮುಕ್ಕಾಲಕ್ಕೆ ಏಳುವುದು. ಕೊನೆಯ ಸಾಲು: ಎಲ್ಲರ ಫೋನು ಹಬ್ಬದ ತಿಂಡಿಯ, ಫರಾಳದ ಖಾಲಿ ಡಬ್ಬಿಯಲ್ಲಿ. ನನಗೆ ಹೇಳಿದರು: "ನಾಕ ಮಾತ ಆಡಕೋತ ಉಣೂಣು ಋತು. ಬರೇ ಸಿಂಪಲ್. ಯಾರಿಗೂ ಟೆನ್ಶನ್ ಬ್ಯಾಡ."

ಪಪ್ಪಾನ ತಂಗಿ, ಮಾಧವನಗರದ ಆತ್ಯಾಗೆ ಫೋನಿನಲ್ಲಿ ಈ ಪಟ್ಟಿ ಓದಿ ಹೇಳಿದೆ. ಸುದ್ದಿಖಾತೆಯೂ ನನ್ನದೇ. ಆ ಕಡೆಯಿಂದ: "ಅಂಗಡಿ ಶ್ರೀಖಂಡ? ತವರಮನಿಗೆ ನಾ ಇದಕ್ಕ ಬರಬೇಕ?"

ಆಯಿ ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದಳು: "ಆಕಿ ನೌಕರಿಗೆ ಹೋದ್ಲಂದ್ರ ಮುಂಜಾನೆ ಭಾಕರಿ ನೀ ಬಡೀಬೇಕು. ನನಗ ನಿಂದ್ರಾಕ ಆಗೂದಿಲ್ಲ."

ಭಾಕರಿಖಾತೆ! ರೊಟ್ಟಿ ಬಡಿಯಲು ನಾನು! ರಾಷ್ಟ್ರೀಯ ವಿಪತ್ತು. ನಕ್ಕು ಬಿಟ್ಟೆ.

ಅಕ್ಟೋಬರ್ 18, ಶನಿವಾರ. ಮಧ್ಯಾಹ್ನ

ಠರಾವು ಸಂಖ್ಯೆ ಒಂದು. ಮಂಡಿಸಿದವರು ಋತುಜಾ, ಅನುಮೋದಿಸಿದವರು ಋತುಜಾ, ವಿರೋಧ ಇಲ್ಲ.

ಭಾವುಬೀಜದ ದಿನ ಗೋಡೆ ಗಡಿಯಾರವನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ಇಡತಕ್ಕದ್ದು. ಫೋನುಗಳು ಡಬ್ಬಿಯಲ್ಲಿ. ಸೂರ್ಯ ಬಿಲ್ಡಿಂಗಿನ ಹಿಂದೆ. ಎಲ್ಲರೂ ಸಾವಕಾಶ ಉಣ್ಣುತ್ತಿರುತ್ತಾರೆ, ಬಾಯಲ್ಲಿ ಪುರಿ, ಬೆರಳಲ್ಲಿ ಶ್ರೀಖಂಡ. ಗಡಿಯಾರದಲ್ಲಿ ಆರಕ್ಕೆ ಇನ್ನೂ ಕಾಲು ಗಂಟೆ. ಆಗ — ಬಾಂಗ್! ಆತ್ಯಾ ಕಲ್ಲಾಗುತ್ತಾಳೆ. ಪಪ್ಪಾ ನುಂಗಲೋ ಉಗುಳಲೋ ಎಂದು ಧರ್ಮಸಂಕಟದಲ್ಲಿ ಬೀಳುತ್ತಾರೆ. ವಹಿನಿ ಸೌಟು ಹಿಡಿದು ಓಡುತ್ತಾರೆ. ಸಿಂಪಲ್ ಊಟದ ಸಿಂಪಲ್ ಅಂತ್ಯ.

ಅಜ್ಜಿಗೆ ತೊಂದರೆ ಇಲ್ಲ. ಅವಳು ಹಬ್ಬದ ದಿನವೂ ಎಲ್ಲರಿಗಿಂತ ಮೊದಲೇ ಒಬ್ಬಳೇ ಉಣ್ಣುತ್ತಾಳೆ, ಐದರೊಳಗೆ. ಅದನ್ನು ವಿಚಾರ ಮಾಡಿಯೇ ಠರಾವು ಮಾಡಿದ್ದು. ನಾನು ಮೂರ್ಖಳಲ್ಲ.

ಈ ಕ್ಷಣದಿಂದ ನನ್ನ ಹುದ್ದೆ: ಕಾಲಮಂತ್ರಿ. ಸೂರ್ಯನಿಗೂ ನನ್ನ ಸಹಿ ಬೇಕು.

ಅಕ್ಟೋಬರ್ 21, ಮಂಗಳವಾರ

ಬೆಳಗಿನ ಜಾವ ಬಸದಿಯಲ್ಲಿ ಮಹಾವೀರರಿಗೆ ನಿರ್ವಾಣ ಲಾಡು ಏರಿಸಿ ಬಂದೆವು. ಅಜ್ಜಿ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತಿದಳು. ಡಾಕ್ಟರು ಕರಿ ಕನ್ನಡಕ ತೆಗೆಯಲು ಹೇಳಿದ್ದಾರೆ. ಬೆಳಕು ಹೊಸದಾಗಿ ತೊಳೆದು ಹಾಕಿದ ಹಾಗಿದೆ ಅಂದಳು. ಪಪ್ಪಾನ ಕಿವಿಯಲ್ಲಿ ಬಿಳಿ ಕೂದಲು, ಆಯಿಯ ಸೀರೆಯಲ್ಲಿ ತೂತು, ದೇವರ ಮನೆಯ ಮೂಲೆಯಲ್ಲಿ ಜೇಡ — ಎಲ್ಲವನ್ನೂ ಒಂದೊಂದಾಗಿ ಘೋಷಿಸಿದಳು.

ವಹಿನಿ ಸ್ಟೂಲು ಹಾಕಿ ಗಡಿಯಾರ ಒರೆಸಿದರು, ಎಲ್ಲರೂ ನೋಡುತ್ತಿರುವಾಗ. ಇಳಿದು ನನ್ನ ಕೆನ್ನೆಗೆ ಧೂಳಿನ ಬೆರಳು ಒತ್ತಿದರು. "ನಾಡದ್ದ ಭಾವುಬೀಜಕ್ಕ ನೀ ನನಗ ಗಡಿಯಾರ ನೋಡಬೇಕು. ನಾ ಒಲಿ ಮುಂದ ಇರತೀನಿ, ಹೊತ್ತ ಹೋದದ್ದ ತಿಳಿಯೂದಿಲ್ಲ. ಐದೂ ಮುಕ್ಕಾಲಂದ್ರ ಕೂಗು. ನಿನ್ನ ಮ್ಯಾಲ ಬಿಟ್ಟೇನಿ."

ಅಧಿಕೃತ ನೇಮಕಾತಿ! ಖಾತೆ ಹಂಚಿಕೆ ಮೊದಲು ಆಗಿತ್ತು, ಆದೇಶ ಈಗ ಬಂತು.

ಅಕ್ಟೋಬರ್ 23, ಗುರುವಾರ. ಮಧ್ಯಾಹ್ನ 3-40

ವಹಿನಿ ಸ್ನಾನಕ್ಕೆ ಹೋದರು. ಆಯಿ ಅಡ್ಡಾಗಿದ್ದಾಳೆ. ಸ್ಟೂಲು. ಮುಳ್ಳು. ಮೂರೂ ಇಪ್ಪತ್ತು. ಆಯಿತು.

ಇಳಿಯುವಾಗ ಅಜ್ಜಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ರಕ್ಷಣಾಖಾತೆಯಿಂದ ವರದಿ: ಅಪಾಯವಿಲ್ಲ.

ಅಕ್ಟೋಬರ್ 23. ಸಂಜೆ 7-30

ಬರೆಯುತ್ತೇನೆ. ನಡೆದ ಹಾಗೆ.

ಆತ್ಯಾ, ಅವಳ ಗಂಡ ಮಾಮಾ ತಡವಾಗಿ ಬಂದರು. ಆರತಿ ಆಯಿತು. ಫೋನು ಡಬ್ಬಿಗೆ ಬಿದ್ದವು, ಮಾಮಾನ ಕೈಗಡಿಯಾರವೂ. "ಆಪರೇಷನ್ ಥೇಟರಿಗೆ ಹೊಂಟೇವೇನು?" ಅಂದ ಮಾಮಾ. ಎಲ್ಲರೂ ನಕ್ಕರು. ವಹಿನಿಯೂ. ಹಸಿರು ಸೀರೆ, ಮೂಗಿನ ಮೇಲೆ ಬೆವರು. ಭಾತಿನ ವಾಸನೆಗೆ ನನಗೇ ಬಾಯಲ್ಲಿ ನೀರು ಬಂದಿತ್ತು. ಗಡಿಯಾರದಲ್ಲಿ ಐದೂ ಐದು.

ಅಜ್ಜಿಯ ತಾಟು ಮಾತ್ರ ಒಳಗೆ ಹೋಗಿರಲಿಲ್ಲ. ನಾನು ಆಯಿಯನ್ನು ಕೇಳಿದೆ. ಅಷ್ಟರಲ್ಲಿ ಅಜ್ಜಿಯೇ ಗೋಡೆ ಹಿಡಿದು ಬಂದಳು.

"ಇವತ್ತ ನಾನೂ ಎಲ್ಲಾರ ಜೋಡಿ ಕುಂದರತೀನಿ. ಮೊಮ್ಮಗನ ಹೇಣ್ತಿ ಇಷ್ಟ ಮನಸಿಟ್ಟ ಮಾಡ್ಯಾಳ. ಹೊತ್ತ ಐತಲ್ಲ?"

ವಹಿನಿಯ ಮುಖ ನೋಡಬೇಕಿತ್ತು. ಹದಿನಾಲ್ಕು ತಿಂಗಳಲ್ಲಿ ಅಜ್ಜಿ ಅವರ ಅಡುಗೆಗೆ ಒಂದು ಒಳ್ಳೆಯ ಮಾತು ಆಡಿದ್ದು ಇದೇ ಮೊದಲು. ಗಡಿಯಾರ ತೋರಿಸಿ ಹೇಳಿದರು, "ರಗಡ ಐತ್ರಿ ಅಜ್ಜಿ. ಬರ್ರಿ, ಕುಂದರ್ರಿ."

ಈಗ ಹೇಳಬೇಕಿತ್ತು. ಇಷ್ಟೇ ಸಾಕಿತ್ತು: ಅಜ್ಜಿ, ಗಡಿಯಾರ ಹಿಂದ ಐತಿ. ಎಲ್ಲರೂ ಬೈಯುತ್ತಿದ್ದರು, ಆಮೇಲೆ ನಗುತ್ತಿದ್ದರು. ಲೆಕ್ಕ ಹಾಕಿದೆ — ಬೇಗ ಉಣ್ಣುತ್ತಾಳೆ, ಬಾಂಗ್ ಆಗುವುದರೊಳಗೆ ಮುಗಿಯುತ್ತದೆ. ಪುರಿ ಬಡಿಸಿದೆ. ಅಜ್ಜಿ ಅವಸರವಿಲ್ಲದೆ ಭಾತಿಗೆ ಕಢಿ ಕಲೆಸುತ್ತ ಕೂತಳು. ಕಲೆಸಿದಳು. ಮತ್ತೂ ಕಲೆಸಿದಳು. ಅಜ್ಜನ ಕಾಲದ ಕಥೆ ಶುರು ಮಾಡಿದಳು. ಆತ್ಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭಾತನ್ನೂ ಆತ್ಯಾ ಎರಡನೇ ಸಲ ಬಡಿಸಿಕೊಂಡಳು. ಪಪ್ಪಾ "ಸ್ವಪ್ನಾಲಿ, ಖರೆ ಹೇಳತೀನಿ, ಇಂಥಾ ನಿವಾಂತ, ಗದ್ದಲಿಲ್ಲದ ಹಬ್ಬ ಈ ಮನ್ಯಾಗ ಆಗಿದ್ದಿಲ್ಲ" ಅಂದರು. ದಾದಾ ಮೊದಲ ಸಲ ತಲೆ ಎತ್ತಿ ವಹಿನಿಯನ್ನು ನೋಡಿದ.

ಬಾಂಗ್.

ಗಡಿಯಾರದಲ್ಲಿ ಐದೂ ನಲವತ್ತಾರು.

ಅಜ್ಜಿಯ ಕೈ ಬಾಯಿಯ ಹತ್ತಿರ ನಿಂತಿತು. ತುಟಿಗೆ ಶ್ರೀಖಂಡ ಹತ್ತಿತ್ತು. ಯಾರೂ ಕಲ್ಲಾಗಲಿಲ್ಲ, ಯಾರೂ ಓಡಲಿಲ್ಲ. ಠರಾವಿನಲ್ಲಿ ಬರೆದಂತೆ ಏನೂ ಆಗಲಿಲ್ಲ. ಅಜ್ಜಿ ಕೈಯನ್ನು ತಾಟಿನಲ್ಲಿಟ್ಟು, ಕೂಸು ಅಳುವಂತೆ ಅತ್ತಳು. ಬಾಯಿ ತೆರೆದು, ಸದ್ದಿಲ್ಲದೆ.

"ನಲವತ್ತೊಂದ ವರ್ಷ," ಅಂದಳು. "ನಲವತ್ತೊಂದ ವರ್ಷ ಜಿನಪ್ಪ."

ಮಾಮಾ ಡಬ್ಬಿ ತೆರೆದು ಕೈಗಡಿಯಾರ ನೋಡಿದ. ಆರೂ ಆರು. ಗೋಡೆ ನೋಡಿದ. ಆತ್ಯಾ ಎದ್ದು ನಿಂತಳು, ಎಂಜಲು ಕೈ ಹಾಗೇ.

"ಅಡಗಿ ತಡಾ ಆತಂತ ಗಡಿಯಾರ ಹಿಂದ ಇಟ್ಟಿ ಏನ? ಫೋನ ಕಸಗೊಂಡಿದ್ದ ಇದಕ್ಕನ? ಒಂದ ನೌಕರಿ ಸಲುವಾಗಿ ನಮ್ಮ ಅವ್ವನ ನಿಯಮ ಮುರದ್ಯಾ?"

"ನಾ ಯಾಕ ಇಡ್ಲಿರಿ ಆತ್ಯಾ?"

"ಮೊನ್ನೆ ಸ್ಟೂಲ ಹತ್ತಿದಾಕಿ ಯಾರು?" ಅಂದಳು ಆಯಿ.

ವಹಿನಿ ಎಲ್ಲರ ಮುಖ ನೋಡಿದರು. ಕೊನೆಗೆ ನನ್ನದು. ಬೇಡಿಕೊಂಡದ್ದಲ್ಲ. ಗ್ಯಾರಂಟಿ ಇದ್ದ ಹಾಗೆ.

"ಋತು, ಗಡಿಯಾರ ನೀ ನೋಡಾಕ ಹತ್ತಿದ್ದಿ. ಹೇಳಲ್ಲ ಇವರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು.

"ನಾ ನೋಡಲಿಲ್ಲರಿ," ಅಂದೆ. "ನಾ ಪುರಿ ಬಡಸಾಕ ಹತ್ತಿದ್ದೆ."

ಅಕ್ಟೋಬರ್ 24, ಶುಕ್ರವಾರ

ಅಜ್ಜಿ ಪ್ರಾಯಶ್ಚಿತ್ತ ಅಂತ ಎರಡು ದಿನ ಉಪವಾಸ ಹಿಡಿದಿದ್ದಾಳೆ. ಕುದಿಸಿದ ನೀರು ಮಾತ್ರ. ಎಪ್ಪತ್ತೊಂಬತ್ತು ವಯಸ್ಸು, ಶುಗರ್ ಬೇರೆ. ಮಾತಿಲ್ಲ, ಜಪ. ವಹಿನಿ ಬಾಗಿಲ ಹೊರಗೆ ಶುಗರ್ ಮಶೀನು ಹಿಡಿದು ನಿಂತಿದ್ದರು. "ಒಂದ ಸಲ ನೋಡತೀನ್ರಿ ಅಜ್ಜಿ, ಚಕ್ಕರ ಬಂದೀತು." ಆಯಿ ಬಂದು ಮಶೀನು ಇಸಿದುಕೊಂಡು ಕಪಾಟಿನಲ್ಲಿಟ್ಟಳು.

ಪಪ್ಪಾ ತೀರ್ಪು ಕೊಟ್ಟರು: ಅಜ್ಜಿಯ ಕಾಲು ಹಿಡಿದು ತಪ್ಪಾತು ಅನ್ನಲಿ, ಮುಗೀತು.

ವಹಿನಿ: "ಮಾಡಿದ್ದರ ಅಂತಿದ್ದೆ. ಮಾಡಿಲ್ಲ."

ದಾದಾ ಮರಾಠಿಯಲ್ಲಿ ಹೇಳಿದ, ಅಂದುಬಿಟ್ಟರೆ ಏನು ಹೋಗುತ್ತದೆ ಎಂದು. ವಹಿನಿ ಅವನನ್ನು ಬಹಳ ಹೊತ್ತು ನೋಡಿದರು. ಸೂಜಿ ಚುಚ್ಚುವ ಮೊದಲು ನರ ಹುಡುಕುತ್ತಾರಲ್ಲ, ಹಾಗೆ. ಸಿಗಲಿಲ್ಲ.

ನಾಳೆ ಹೇಳುತ್ತೇನೆ. ಅಜ್ಜಿ ಉಪವಾಸ ಬಿಡಲಿ, ಆಮೇಲೆ.

ಅಕ್ಟೋಬರ್ 26, ಭಾನುವಾರ

ವಹಿನಿಯ ಅಪ್ಪ ಬಂದು ಕರೆದುಕೊಂಡು ಹೋದರು. ದ್ರಾಕ್ಷಿ ತೋಟದ ಮನುಷ್ಯ, ಬೆರಳ ತುದಿಯಲ್ಲಿ ಔಷಧದ ನೀಲಿ ಕಲೆ. ಚಹ ಕುಡಿಯಲಿಲ್ಲ. ಒಂದೇ ಬ್ಯಾಗು. ಫ್ರಿಜ್ಜಿನ ಮೇಲಿನ ಕಾಗದವನ್ನು ವಹಿನಿಯೇ ಕಿತ್ತರು, ಅಂಟು ಉಳಿಯಿತು, ಉಗುರಿನಿಂದ ಕೆರೆದು ತೆಗೆದರು. ಹೋಗುವ ಹೊತ್ತಿನಲ್ಲೂ ಸ್ವಚ್ಛ.

ನನ್ನ ತಲೆ ನೇವರಿಸಿದರು. "ನಿನ್ನ ಮ್ಯಾಲ ಸಿಟ್ಟಿಲ್ಲ. ಬಡಸಾಕ ಹತ್ತಿದ್ದಿ, ನಿನಗೆಂಗ ತಿಳೀಬೇಕು?"

ಆಟೋ ತಿರುಗುವ ತನಕ ಬಾಗಿಲಲ್ಲಿ ನಿಂತಿದ್ದೆ. ಕೈ ಮಾಡಿದೆ.

ನವೆಂಬರ್ 3, ಸೋಮವಾರ

ಇವತ್ತು ಮೂರನೇ ತಾರೀಖು. ಯಾರೂ ಆ ಮಾತು ಎತ್ತಲಿಲ್ಲ.

ಭಾಕರಿ ನಾನು ಬಡಿಯುತ್ತಿದ್ದೇನೆ. ನೋಡಲು ಒಂದೊಂದು ಒಂದೊಂದು ರಾಜ್ಯದ ನಕಾಶೆ. ಎಡಗೈ ಸುಟ್ಟಿದೆ. ನ್ಯಾಯಖಾತೆ ತಡವಾಗಿಯಾದರೂ ಕೆಲಸ ಮಾಡುತ್ತದೆ.

ಇವತ್ತು ಹೇಳಿದೆ. ನಿಜವಾಗಿ ಹೇಳಿದೆ. ಪಪ್ಪಾ ಪೇಟೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು.

"ಪಪ್ಪಾ, ಗಡಿಯಾರ ಹಿಂದ ಇಟ್ಟಾಕಿ ನಾನ್ರಿ."

ಅವರು ಮೊದಲು ಚಪ್ಪಲಿ ನೋಡಿದರು, ದಾರ ಇದೆಯೋ ಎಂದು. ಆಮೇಲೆ ನನ್ನನ್ನು. "ಎಲ್ಲಾದರಾಗೂ ಚೇಷ್ಟಿ ಏನ? ಮನಿ ಒಡದ ಹೋಗೈತಿ, ನಿನಗ ಇನ್ನೂ ಮಜಾಕ. ನಗತಿ ಬ್ಯಾರೆ."

ನಗುತ್ತಿದ್ದೆನಂತೆ. ಹೌದು. ಹೇಳುವಾಗ ನನ್ನ ಮುಖ ತಾನಾಗಿಯೇ ಹಾಗೆ ಆಗುತ್ತದೆ. ಎರಡನೇ ಸಲ ಹೇಳಬಹುದಿತ್ತು, ನಗದೆ. ಅವರು ಗೇಟು ತೆಗೆಯುವ ತನಕ ಹೊತ್ತಿತ್ತು. ಹೇಳಲಿಲ್ಲ.

ನವೆಂಬರ್ 9, ಭಾನುವಾರ. ಮಧ್ಯಾಹ್ನ 2

ಎಲ್ಲರೂ ಹೊರಗೆ ಹೋಗಿದ್ದಾರೆ. ಅಜ್ಜಿ ಬಾಗಿಲ ಬೆಳಕಿಗೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಕಣ್ಣಿನ ಬಾಟಲಿ ಹಿಡಿದು ಹೋದೆ.

"ಬರ್ರಿ ಕಾಲಮಂತ್ರಿಗಳ. ಕುಂದರ್ರಿ."

ಕುಂತೆ. ಆ ಹೆಸರನ್ನು ನಾನು ಯಾರ ಮುಂದೆಯೂ ಆಡಿಲ್ಲ. ಅದು ಇರುವುದು ಈ ವಹಿಯಲ್ಲಿ ಮಾತ್ರ.

"ಯಾವಾಗಿಂದ ಓದಾಕ ಹತ್ತೀರಿ?"

"ಕರಿ ಚಸ್ಮಾ ತಗದ ದಿನದಿಂದ." ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು. "ಐದ ವರ್ಷದ ಮ್ಯಾಲ ಕಣ್ಣ ಬಂದ್ವು. ಏನರೆ ಓದಬೇಕ ಅನಸ್ತು. ಸ್ತೋತ್ರ ಬಾಯಿಪಾಠ ಅದಾವ. ನಿನ್ನ ಕಪಾಟ ತಗದೆ. ಚಲೋ ಬರದಿ. ಚಪ್ಪಲಿ ಲಗ್ನ ಓದಿ ನಕ್ಕ ನಕ್ಕ ಹೊಟ್ಟಿ ನೂಸ್ತು."

ನಾನು ಕಷ್ಟಪಟ್ಟು ಕೇಳಿದೆ. "ಗಡಿಯಾರದ್ದ ಓದಿದ್ರಿ. ಗೊತ್ತಿದ್ದೂ ಉಂಡ್ರಿ? ನಿಮ್ಮ ನಿಯಮ?"

"ಯಾರ ಉಂಡಾರ?" ಅಜ್ಜಿ ನನ್ನನ್ನು ನೋಡಿದಳು. ಹೊಸ ಕಣ್ಣು, ಸ್ವಚ್ಛ, ಬಾಲವಾಡಿಯ ಮಗುವಿನ ಕಣ್ಣಿನ ಹಾಗೆ. "ನಾಕೂವರಿಗೆ ಹಾಲ ಅವಲಕ್ಕಿ ತಿಂದ ಬಾಯಿ ತೊಳಕೊಂಡ ಬಂದಿದ್ದೆ. ತಾಟಿನಾಗ ಕೈ ಆಡಸಿದೆ. ತುಟಿಗೆ ಹಚಗೊಂಡೆ. ಒಂದ ಅಗಳ ಒಳಗ ಹೋಗಿಲ್ಲ. ನೀವೆಲ್ಲಾ ನಗಾಕ ಹತ್ತಿದ್ರಿ, ಯಾರ ನೋಡಬೇಕು?"

"ಎರಡ ದಿನಾ ಉಪಾಸ ಮಾಡಿದ್ರಿ..."

"ಅದು ಖರೆ ಉಪಾಸ. ನಿಯಮಕ್ಕಲ್ಲ. ಸುಳ್ಳ ಅತ್ತಿದ್ದಕ್ಕ."

ಲೆಕ್ಕ ಚುಕ್ತಾ ಆದವಳ ಹಾಗೆ ಮೊರ ತಟ್ಟಿದಳು.

"ವಹಿನಿ ಅಳಕೋತ ಹೋದ್ರು ಅಜ್ಜಿ."

"ನಾನೂ ಅತ್ತಿದ್ದೆ. ನನ್ನ ಸಾಲಿ ನೌಕರಿ ಬಿಡಿಸಿದ್ರು, ಒಂದ ಭರಣಿ ಉಪ್ಪಿನಕಾಯಿಗೆ ಬೂಸ್ಟ ಬಂತಂತ. ಭರಣಿ ಮುಚ್ಚಳಾ ತಗದಿಟ್ಟಾಕಿ ನಮ್ಮತ್ತಿ. ನಾ ಸತ್ತಿನೇನು? ನಿಮ್ಮವ್ವ ಛಾಯಾನ ಮೊಣಕಾಲ ಹೋಗ್ಯಾವ. ಸ್ವಪ್ನಾಲಿ ಲ್ಯಾಬಿಗೆ ಹೋದರ ಈ ಮನಿ ಯಾರ ನಡಸಬೇಕು?"

"ನಾ ಎಲ್ಲಾರಿಗೂ ಹೇಳತೀನಿ. ಈ ವಹಿ ತೋರಸ್ತೀನಿ."

"ತೋರಸು." ಸಿಟ್ಟಿರಲಿಲ್ಲ, ಸಾಲಿಯ ಅಕ್ಕೋರು ಲೆಕ್ಕ ಬಿಡಿಸುವ ಧ್ವನಿ. "ನಿಮ್ಮಪ್ಪಗ ಓದಾಕ ಬರತೈತೇನು? ಕೇತನಗ? ಜಿನಪ್ಪ ಇದನ್ನ ತಂದ ನನ್ನ ಕೈಯಾಗ ಕೊಡತಾನ, ಅವ್ವ, ಏನ ಬರದಾಳ ಓದ್ರಿ ಅಂತ. ನಾ ಓದತೀನಿ. ನಾ ಓದಿದ್ದ ಖರೆ."

ಆಮೇಲೆ, ಮೊರದಿಂದ ತಲೆ ಎತ್ತದೆ: "ಮಜಾಕ ಮಾಡಿದೆ ಅಂತ ಬರದಿ. ಅದೊಂದ ಸುಳ್ಳ ಬರದಿ ನೋಡು. ಭಾಕರಿ ನೀ ಬಡೀಬೇಕು ಅಂತ ನಿಮ್ಮವ್ವ ಅಂದದ್ದು ಯಾವ ದಿನಾ? ಬುಧವಾರ. ಠರಾವು? ಶನಿವಾರ. ನೀ ನನ್ನಂಗ ಆಗಿ, ಋತು. ನಾ ಸುಮ್ಮನ ಅಕ್ಷರ ಕಲಿಸಲಿಲ್ಲ."

ಕಣ್ಣಿಗೆ ಹನಿ ಹಾಕಿದೆ. ಎರಡು, ಆಮೇಲೆ ಒಂದು. ಕೈ ನಡುಗಲಿಲ್ಲ.

ನವೆಂಬರ್ 14, ಶುಕ್ರವಾರ

ಎಲ್ಲವನ್ನೂ ಮರಾಠಿಯಲ್ಲಿ ಬೇರೆ ಕಾಗದದ ಮೇಲೆ ಇಳಿಸಿದೆ. ಮಂತ್ರಿಗಳು, ಖಾತೆಗಳು, ಠರಾವು ಎಲ್ಲ ತೆಗೆದೆ. ತೆಗೆದ ಮೇಲೆ ಉಳಿದದ್ದು ನಾಲ್ಕು ಸಾಲು:

ಸ್ಟೂಲು ಹತ್ತಿ ಮುಳ್ಳು ತಿರುಗಿಸಿದೆ. ಅಜ್ಜಿ ಕೂತಾಗ ಬಾಯಿ ಬಿಡಲಿಲ್ಲ. ವಹಿನಿ ಕೇಳಿದಾಗ ನೋಡಿಲ್ಲ ಅಂದೆ. ಭಾಕರಿ ಬಡಿಯಲು ನನಗೆ ಮನಸ್ಸಿರಲಿಲ್ಲ.

ಫೋಟೊ ತೆಗೆದು ವಹಿನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಆಮೇಲೆ ಮೆಸೇಜು: ಲ್ಯಾಬಿನವರು ಬೇರೆಯವರನ್ನು ತೆಗೆದುಕೊಂಡರು. ಇದನ್ನು ನಿಮ್ಮ ಪಪ್ಪಾಗೆ ತೋರಿಸಿದ್ದೀಯಾ?

ಇಲ್ಲ ಅಂತ ಬರೆದೆ. ತೋರಿಸುತ್ತೇನೆ ಅಂತ ಬರೆದೆ.

ಉತ್ತರ: ಭಾನುವಾರ ಅಪ್ಪ ಸಾಮಾನು ಒಯ್ಯಲು ಬರುತ್ತಾರೆ. ಅದರೊಳಗೆ ತೋರಿಸು.

ನವೆಂಬರ್ 16, ಭಾನುವಾರ. ಸಂಜೆ

ವಹಿನಿಯ ಸಾಮಾನು ಹೋಯಿತು. ಕಪಾಟು, ಮಿಕ್ಸರ್, ಹೊಲಿಗೆ ಮಶೀನು. ವಹಿನಿಯ ಅಪ್ಪ ಟೆಂಪೋದ ಹಗ್ಗ ಬಿಗಿಯುತ್ತ ಎರಡು ಸಲ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿದೆ. ಕಾಗದ ನನ್ನ ಕುರ್ತಾದ ಕಿಸೆಯಲ್ಲೇ ಇತ್ತು. ಪಪ್ಪಾ ಎರಡು ಕೈ ಅಳತೆಯಲ್ಲಿ ನಿಂತಿದ್ದರು. ಇತ್ತು. ಇದೆ. ಬೆವರಿಗೆ ಮೆತ್ತಗಾಗಿದೆ.

ಆ ಗದ್ದಲದಲ್ಲಿ ಅಡುಗೆಗೆ ತಡವಾಯಿತು. ನನ್ನ ಭಾಕರಿ ಈಗಲೂ ನಿಧಾನ. ಗೋಡೆಯ ಗಡಿಯಾರವನ್ನು ಪಪ್ಪಾ ಭಾವುಬೀಜದಂದೇ ಕಳಚಿ ಅಟ್ಟಕ್ಕೆ ಹಾಕಿದ್ದಾರೆ, ಅಲ್ಲಿ ದುಂಡನೆಯ ಬಿಳಿ ಕಲೆ ಇದೆ. ಗಲ್ಲಿಯಲ್ಲಿ ಯಾರದೋ ವರಾತ, ಅರ್ಧ ಗಂಟೆಯಿಂದ ಬ್ಯಾಂಡ್ ಹೊಡೆಯುತ್ತಿದ್ದಾರೆ, ಮಾತಾಡಿದ್ದು ಕೇಳುವುದಿಲ್ಲ. ಬಾಂಗ್ ಕೂಡ.

ಅಜ್ಜಿ ತಾಟಿನ ಮುಂದೆ ಕೂತು ಕೂಗಿ ಕೇಳಿದಳು. ನಗುತ್ತ ಕೇಳಿದಳು, ನಮ್ಮಿಬ್ಬರಿಗಷ್ಟೇ ಗೊತ್ತಿರುವ ಹಾಗೆ:

"ಏನ್ರಿ ಕಾಲಮಂತ್ರಿ, ಹೊತ್ತ ಐತೇನು?"

ಈ ವಾರ ಹೊತ್ತು ಮುಳುಗುವುದು ಐದೂ ಐವತ್ತೇಳಕ್ಕೆ. ಫೋನು ನನ್ನ ಕೈಯಲ್ಲೇ ಇತ್ತು.

"ಐತ್ರಿ ಅಜ್ಜಿ," ಅಂದೆ. "ಸಾವಕಾಶ ಉಣ್ರಿ."

ಈ ಸಲ ನಗಲಿಲ್ಲ. ಬಿಸಿ ಭಾಕರಿ ಹಾಕಿದೆ. ಮೇಲೆ ತುಪ್ಪ. ಎದುರಿಗೇ ಕೂತು ನೋಡಿದೆ — ಕೈ ಬಾಯಿಗೆ ಹೋಯಿತು. ಒಳಗೆ ಹೋಯಿತು. ಅಗಿದಳು. ನುಂಗಿದಳು. "ಇವತ್ತ ಚಲೋ ಬಡದಿ," ಅಂದಳು.

ಎದ್ದು ಬಂದು ಬರೆಯುತ್ತಿದ್ದೇನೆ. ಬ್ಯಾಂಡಿನ ನಡುವೆ ತಾಟಿನ ಸದ್ದು. ಇನ್ನೊಂದು ಭಾಕರಿ ಕೇಳುತ್ತಿದ್ದಾಳೆ. ವಹಿಯನ್ನು ಎಂದಿನ ಜಾಗದಲ್ಲೇ ಇಡುತ್ತೇನೆ. ನಾಳೆ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನೀವು ನನ್ನ ಕಪಾಟು ತೆಗೆಯುತ್ತೀರಿ, ಬಾಗಿಲ ಬೆಳಕಿಗೆ ಕೂರುತ್ತೀರಿ, ಇಲ್ಲಿಯವರೆಗೆ ಓದುತ್ತೀರಿ. ಯಾರಿಗೂ ಓದಿ ಹೇಳಲಾರಿರಿ. ಗೊತ್ತಿರಲಿ ಅಜ್ಜಿ, ಮೊದಲ ತುತ್ತು ನೀವು ನುಂಗಿದಾಗ ನನ್ನ ಫೋನಿನಲ್ಲಿ ಆರು ಗಂಟೆ ನಾಲ್ಕು ನಿಮಿಷ ಆಗಿತ್ತು.